ಕೊಬ್ಬರಿ ದರ ಕಡಲಾಚೆ ಅಲುಗಾಡಿದರೆ ಗ್ರಾಮ ಪಂಚಾಯಿತಿ ಏನು ಮಾಡಬೇಕು?

2023ರಲ್ಲಿ ನಮ್ಮ ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 8 ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿಯಿತು. ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ 11,750. ಆ ವರ್ಷದ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಮಾತು ನಡೆಯುತ್ತಿದ್ದಾಗ ಹಿರಿಯರೊಬ್ಬರು ಎದ್ದು ನಿಂತು, "ಚರಂಡಿ ಆಮ್ಯಾಕೆ ನೋಡ್ಕಳಣ, ಕೊಬ್ರಿಗೆ ಪಂಚಾಯ್ತಿ ಏನ್ ಮಾಡ್ತೈತೆ, ಅದ್ನ ಹೇಳ್ರಪ್ಪ" ಎಂದರು. ವೇದಿಕೆ ಮೇಲಿದ್ದ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎರಡು ವರ್ಷ ಕಳೆಯಿತು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಮರ ಅದೇ, ಮಣ್ಣು ಅದೇ, ಬೋರ್‌ವೆಲ್ ಅದೇ. ದರ ಬಿದ್ದಾಗಲೂ ಎದ್ದಾಗಲೂ ನಮ್ಮೂರಲ್ಲಿ ಯಾರೂ ಹೊಸದಾಗಿ ಏನನ್ನೂ ಮಾಡಿರಲಿಲ್ಲ.

ಆರ್ಥಿಕ ಜಾಗತೀಕರಣ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡ ಎಂದು ತಿಳಿದವರಿದ್ದಾರೆ. ನಮ್ಮ ಅಟ್ಟದ ಮೇಲಿನ ಕಾಯಿಗೂ ಅದಕ್ಕೂ ನೇರ ನಂಟಿದೆ. ಉಂಡೆ ಕೊಬ್ಬರಿಗೆ ಕಾಯಿಯನ್ನು 10–11 ತಿಂಗಳು ಅಟ್ಟದಲ್ಲಿ ಇಡಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನಬೇಕು. ಕಾಯಿ ಅಟ್ಟಕ್ಕೆ ಏರಿಸುವ ದಿನ ಇದ್ದ ದರಕ್ಕೂ ಸುಲಿದು ಒಡೆಯುವ ದಿನದ ದರಕ್ಕೂ ನಡುವೆ ಹೆಚ್ಚುಕಡಿಮೆ ಒಂದು ವರ್ಷ. ಆ ಒಂದು ವರ್ಷದಲ್ಲಿ ಕೊಬ್ಬರಿ ಎಣ್ಣೆಗೆ ಪೈಪೋಟಿ ಕೊಡುವ ಇಂಡೋನೇಷ್ಯಾ, ಮಲೇಷ್ಯಾದ ಪಾಮ್ ಎಣ್ಣೆ, ದೆಹಲಿಯ ಆಮದು ಸುಂಕ, ಫಿಲಿಪ್ಪೀನ್ಸ್‌ನ ತೆಂಗಿನ ಇಳುವರಿ ಎಲ್ಲವೂ ಸೇರಿ ನಮ್ಮ ಮಕ್ಕಳ ಫೀಜು ಕಟ್ಟುವ ದುಡ್ಡನ್ನು ತೀರ್ಮಾನಿಸಿರುತ್ತವೆ.

ಗ್ರಾಮ ಪಂಚಾಯಿತಿ ಸದಸ್ಯನಾಗಿ ಐದು ವರ್ಷ ಓಡಾಡಿ, ಕೇಳಿ, ಕಾಗದ ಬರೆದು ಕಲಿತದ್ದನ್ನು ಹೊಸದಾಗಿ ಪಂಚಾಯಿತಿಗೆ ಬರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಉದಾಹರಣೆಗಳು ತೆಂಗಿನವು. ನಿಮ್ಮದು ಅಡಿಕೆ, ಕಾಳುಮೆಣಸು, ರೇಷ್ಮೆ, ಕಾಫಿ, ಗಾರ್ಮೆಂಟ್ಸ್ ಯಾವುದೇ ಇರಲಿ, ದಾರಿ ಇದೇ.

ಮೊದಲು: ಕೈಯಲ್ಲಿ ಏನಿದೆ, ಏನಿಲ್ಲ

ಆಮದು ಸುಂಕ, ವಿದೇಶಿ ಒಪ್ಪಂದ, ರೂಪಾಯಿ ಮೌಲ್ಯ ಇವೆಲ್ಲ ಕೇಂದ್ರ ಸರ್ಕಾರದ ಕೆಲಸ. ಮಂಗಳೂರು ಬಂದರಿಗೆ ಬರುವ ಹಡಗನ್ನು ಪಂಚಾಯಿತಿ ನಿಲ್ಲಿಸಲಾರದು. ಜನರ ಮುಂದೆ ಅದನ್ನು ನೇರವಾಗಿ ಹೇಳಿಬಿಡಿ. ಮಾತು ಕೊಟ್ಟು ಆಮೇಲೆ ತಪ್ಪಿಸಿಕೊಂಡು ತಿರುಗುವುದಕ್ಕಿಂತ ಇದು ಮೇಲು.

ಆದರೆ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ, "ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯ"ಕ್ಕೆ ಯೋಜನೆ ಮಾಡುವ ಹೊಣೆಯನ್ನು ಪಂಚಾಯಿತಿಗಳಿಗೆ ವಹಿಸಲು ದಾರಿ ಮಾಡಿಕೊಟ್ಟಿದೆ. 11ನೇ ಅನುಸೂಚಿಯ 29 ವಿಷಯಗಳಲ್ಲಿ ಕೃಷಿ, ಸಣ್ಣ ನೀರಾವರಿ, ಸಣ್ಣ ಕೈಗಾರಿಕೆ, ಖಾದಿ ಮತ್ತು ಗ್ರಾಮೋದ್ಯೋಗ, ಮಾರುಕಟ್ಟೆ ಮತ್ತು ಸಂತೆ ಎಲ್ಲವೂ ಇವೆ. ಕಟ್ಟಡಕ್ಕೆ ಲೈಸೆನ್ಸ್, ಆಸ್ತಿಗೆ ತೆರಿಗೆ, ಕುಡಿಯುವ ನೀರಿನ ಉಸ್ತುವಾರಿ, ವಾರ್ಷಿಕ ಯೋಜನೆ, ಗ್ರಾಮಸಭೆಯ ನಿರ್ಣಯ, ಇವಿಷ್ಟು ನಮ್ಮ ಕೈಯಲ್ಲಿವೆ. ಇವನ್ನು ಹೊತ್ತಿಗೆ ಸರಿಯಾಗಿ ಬಳಸುವುದೇ ನಮ್ಮ ಪಾಲಿನ ಕೆಲಸ.

ಹೆಜ್ಜೆ 1: ಊರಿನ ಸಂಪಾದನೆ ಯಾವ ಯಾವ ದರಕ್ಕೆ ತಗುಲಿಕೊಂಡಿದೆ ಎಂದು ಬರೆದಿಡಿ

ಇದಕ್ಕೆ ಸಾಫ್ಟ್‌ವೇರ್ ಬೇಡ, ಒಂದು ಉದ್ದ ರೂಲ್ ಪುಸ್ತಕ ಸಾಕು. ನಾಲ್ಕು ಕಲಂ ಹಾಕಿ: ಊರಲ್ಲಿ ದುಡ್ಡು ಯಾವುದರಿಂದ ಬರುತ್ತದೆ, ಎಷ್ಟು ಮನೆಗಳಿಗೆ ಬರುತ್ತದೆ, ಆ ಮಾಲು ಅಥವಾ ದುಡಿಮೆ ಕೊನೆಗೆ ಎಲ್ಲಿಗೆ ಹೋಗುತ್ತದೆ, ದರ ಯಾರು ಕಟ್ಟುತ್ತಾರೆ.

ಮೊದಲ ಎರಡು ಕಲಂ ವಾರ್ಡ್ ಸಭೆಯಲ್ಲೇ ತುಂಬುತ್ತವೆ. ಮೂರನೆಯದಕ್ಕೆ ಓಡಾಡಬೇಕು. ಡೇರಿ ಕಾರ್ಯದರ್ಶಿ, ವ್ಯವಸಾಯ ಸೇವಾ ಸಹಕಾರ ಸಂಘದ ಕಾರ್ಯದರ್ಶಿ, ಕಾಯಿ ವ್ಯಾಪಾರಿ, ಮಂಡಿಯ ದಲ್ಲಾಳಿ, ಬೆಳಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಣ್ಣುಮಕ್ಕಳು, ಇವರೆಲ್ಲರನ್ನೂ ಕೂರಿಸಿ ಕೇಳಿ. ನಮ್ಮಲ್ಲಿ ಹೀಗೆ ಕೇಳಿದಾಗ ಗೊತ್ತಾದ ಸಂಗತಿ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ತೆಂಗು ಒಂದೇ ಬೆಳೆ ಅಂದುಕೊಂಡಿದ್ದೆವು. ಅದು ನಾಲ್ಕು ಬೇರೆ ಬೇರೆ ಮಾರುಕಟ್ಟೆಗೆ ಹೋಗುತ್ತದೆ. ಕೊಬ್ಬರಿ ಉತ್ತರ ಭಾರತಕ್ಕೆ. ಚಿಪ್ಪು ಸುಟ್ಟು ಇದ್ದಿಲಾಗಿ, ಅಲ್ಲಿಂದ ನೀರು ಶೋಧಿಸುವ ಇಂಗಾಲ ಮಾಡುವ ಕಾರ್ಖಾನೆಗಳಿಗೆ. ಮಟ್ಟೆಯ ನಾರು ಹಾಸಿಗೆ, ಹಗ್ಗಕ್ಕೆ. ನಾರು ತೆಗೆದು ಉಳಿಯುವ ಪುಡಿ ಇಟ್ಟಿಗೆಯಾಗಿ ನೆದರ್ಲೆಂಡ್ಸ್, ಚೀನಾ, ಕೊರಿಯಾದ ಹಸಿರುಮನೆಗಳಿಗೆ. ಹಿಂದೆ ರಸ್ತೆ ಬದಿಗೆ ಸುರಿಯುತ್ತಿದ್ದ ಪುಡಿಗೆ ಈಗ ಕಂಟೇನರ್ ಬರುತ್ತದೆ. ಕೊಬ್ಬರಿ ಬಿದ್ದ ವರ್ಷ ಇವೆಲ್ಲ ಒಟ್ಟಿಗೆ ಬೀಳಬೇಕೆಂದಿಲ್ಲ. ಆದರೆ ಮಟ್ಟೆಯನ್ನೂ ಚಿಪ್ಪನ್ನೂ ಲೋಡುಗಟ್ಟಲೆ ಕಡಿಮೆ ದರಕ್ಕೆ ಕೊಟ್ಟು ಕಳಿಸುವ ಊರಿಗೆ ಅದರ ಲಾಭ ನಿಲ್ಲುವುದಿಲ್ಲ.

ಮಿಡಿಸೌತೆ ಬೆಳೆಯುವ ಊರುಗಳು ಈ ಪಟ್ಟಿಯನ್ನು ಇನ್ನೂ ಎಚ್ಚರದಿಂದ ಮಾಡಬೇಕು. 1990ರ ದಶಕದಿಂದ ಕರ್ನಾಟಕದಲ್ಲಿ ಒಪ್ಪಂದದ ಮೇಲೆ ಬೆಳೆಯುವ ಈ ಕಾಯನ್ನು ನಮ್ಮವರು ತಿನ್ನುವುದೇ ಇಲ್ಲ. ಉಪ್ಪುನೀರು, ವಿನಿಗರ್‌ನಲ್ಲಿ ಡ್ರಮ್ಮಿಗೆ ತುಂಬಿ ಹೊರದೇಶಕ್ಕೆ ಹೋಗುತ್ತದೆ. ಬೀಜ, ಗೊಬ್ಬರ, ಔಷಧಿ ಕಂಪನಿಯೇ ಸಾಲವಾಗಿ ಕೊಟ್ಟು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. ಸಣ್ಣ ಕಾಯಿಗೆ ಹೆಚ್ಚು ದರ. ಒಂದು ದಿನ ಕೀಳುವುದು ತಪ್ಪಿದರೆ ಕಾಯಿ ದಪ್ಪಗಾಗಿ ದರ್ಜೆ ಇಳಿಯುತ್ತದೆ. ಕಂಪನಿ ಬೇಡ ಅಂದರೆ ಆ ಕಾಯನ್ನು ಸಂತೆಯಲ್ಲಿ ಕೇಳುವವರಿಲ್ಲ. ಒಂದೇ ಕೊಳ್ಳುಗನಿರುವ ಇಂಥ ಬೆಳೆಯ ಮುಂದೆ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಿರಿ. ಒಪ್ಪಂದದ ಪ್ರತಿ ಕನ್ನಡದಲ್ಲಿ ರೈತನ ಕೈಗೆ ಸಿಕ್ಕಿದೆಯೇ, ದರ್ಜೆ ಮಾಡುವಾಗ ರೈತ ಎದುರಿಗಿರುತ್ತಾನೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ ದಾಖಲಿಸಿ.

ಹೆಜ್ಜೆ 2: ದೂರದ ಸುದ್ದಿ ಊರಿಗೆ ಬೇಗ ತಲುಪಲಿ

ದೆಹಲಿಯ ಒಂದು ಅಧಿಸೂಚನೆ ಊರಿನ ದರವನ್ನು ಹೇಗೆ ಹಿಡಿದು ಅಲ್ಲಾಡಿಸುತ್ತದೆ ಎನ್ನುವುದಕ್ಕೆ ಕರ್ನಾಟಕದಲ್ಲೇ ಸಾಕಷ್ಟು ಪುರಾವೆ ಇದೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳು ನಲುಗಿದವು. ಆಮೇಲೆ ಸುಂಕ ಶೇ 15ಕ್ಕೆ ಏರಿತು. 2000ದಲ್ಲಿ ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದ ಮೇಲೆ, ಬೇರೆ ದೇಶದ ಕಾಳುಮೆಣಸೂ ಅದೇ ದಾರಿಯಲ್ಲಿ ನುಸುಳುತ್ತಿದೆ ಎಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ವರ್ಷಗಟ್ಟಲೆ ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ದರ ನಿಗದಿ ಮಾಡಿತು, ಅಂದರೆ ಅದಕ್ಕಿಂತ ಅಗ್ಗದ ಮಾಲು ಒಳಗೆ ಬರುವಂತಿಲ್ಲ. ಅಡಿಕೆಗೆ ಇದ್ದ 251 ರೂಪಾಯಿಯ ಕನಿಷ್ಠ ಆಮದು ದರ 2023ರ ಫೆಬ್ರುವರಿಯಲ್ಲಿ 351 ಆಯಿತು. ಕಚ್ಚಾ ಪಾಮ್ ಎಣ್ಣೆಯ ಮೂಲ ಸುಂಕ 2024ರ ಸೆಪ್ಟೆಂಬರ್‌ನಲ್ಲಿ ಶೂನ್ಯದಿಂದ ಶೇ 20ಕ್ಕೆ ಏರಿ, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು.

ಇದನ್ನೆಲ್ಲ ಪಂಚಾಯಿತಿ ಕಚೇರಿಯಲ್ಲಿ ಯಾರು ನೋಡುತ್ತಾ ಕೂರುತ್ತಾರೆ? ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರಿಗೂ ಕಾಲೇಜಿಗೆ ಹೋಗುವ ಇಬ್ಬರು ಹುಡುಗ ಹುಡುಗಿಯರಿಗೂ ಈ ಕೆಲಸ ಒಪ್ಪಿಸಿ. ಕಪ್ಪು ಹಲಗೆಯ ಮೇಲೆ ಮೂರೇ ಸಾಲು: ಈ ವಾರದ ಮಾರುಕಟ್ಟೆ ದರ, ಕಳೆದ ವರ್ಷ ಇದೇ ವಾರದ ದರ, ಸುಂಕ ಅಥವಾ ಆಮದಿನಲ್ಲಿ ಆದ ಬದಲಾವಣೆ. ದರವನ್ನು ವಾಟ್ಸಾಪ್‌ನಲ್ಲಿ ಎಲ್ಲರೂ ನೋಡುತ್ತಾರೆ ನಿಜ. ಆದರೆ ಅಲ್ಲಿ ಬರುವುದು ಬಹಳಷ್ಟು ಸಲ ವ್ಯಾಪಾರಿ ಹಬ್ಬಿಸಿದ ಸುದ್ದಿ. ಹಲಗೆಯ ಮೇಲಿನ ಅಂಕಿಗೆ ಪಂಚಾಯಿತಿ ಜವಾಬು ಹೇಳಬೇಕಾಗುತ್ತದೆ.

ಹೆಜ್ಜೆ 3: ಕಾರ್ಖಾನೆ ಬರುವ ಮೊದಲೇ ನೀರು ಅಳೆದಿಡಿ

ಈ ಹೆಜ್ಜೆಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಜಾಗತಿಕ ಮಾರುಕಟ್ಟೆ ದುಡ್ಡಿನ ರೂಪದಲ್ಲಿ ಬಂದು ಹೋಗಬಹುದು, ಊರಿನ ಅಂತರ್ಜಲ ಹೋದರೆ ಹಿಂದೆ ಬರುವುದು ಬಲು ಕಷ್ಟ.

ಕೇರಳದ ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಗ್ರಾಮ ಪಂಚಾಯಿತಿಯ ಕಥೆಯನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು. ಅದರ ವ್ಯಾಪ್ತಿಯ ಪ್ಲಾಚಿಮಾಡದಲ್ಲಿ 2000ದಲ್ಲಿ ಕೋಕಾಕೋಲಾ ಘಟಕ ಶುರುವಾಯಿತು. ಲೈಸೆನ್ಸ್ ಕೊಟ್ಟದ್ದು ಅದೇ ಪಂಚಾಯಿತಿ. ಎರಡು ವರ್ಷದೊಳಗೆ ಸುತ್ತಲಿನ ಬಾವಿಗಳ ನೀರು ಇಳಿಯಿತು, ಉಳಿದ ನೀರು ಅನ್ನ ಬೇಯಿಸಲೂ ಬಾರದಷ್ಟು ಕೆಟ್ಟಿತು ಎಂದು ಜನ ದೂರಿದರು. 2002ರ ಏಪ್ರಿಲ್‌ನಲ್ಲಿ ಆದಿವಾಸಿ ಮಹಿಳೆ ಮಯಿಲಮ್ಮ ಮತ್ತಿತರರ ಮುಂದಾಳತ್ವದಲ್ಲಿ ಧರಣಿ ಕೂತರು. 2003ರ ಏಪ್ರಿಲ್‌ನಲ್ಲಿ ಪಂಚಾಯಿತಿ ಲೈಸೆನ್ಸ್ ನವೀಕರಿಸುವುದಿಲ್ಲ ಎಂದು ತೀರ್ಮಾನಿಸಿತು. ಅದೇ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಅಂತರ್ಜಲ ಸಾರ್ವಜನಿಕ ಸ್ವತ್ತು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂಬ ಅರ್ಥದ ತೀರ್ಪು ಕೊಟ್ಟಿತು. 2004ರ ಮಾರ್ಚ್‌ನಲ್ಲಿ ಘಟಕ ನಿಂತಿತು. ಆದರೆ 2005ರಲ್ಲಿ ವಿಭಾಗೀಯ ಪೀಠ, ತಜ್ಞರ ವರದಿ ನೋಡಿ, ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದು ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಘಟಕ ಮತ್ತೆ ತೆರೆಯುವ ಉದ್ದೇಶವಿಲ್ಲ ಎಂದು ಕಂಪನಿ ಹೇಳಿದ್ದು 2017ರಲ್ಲಿ.

ಇಲ್ಲಿ ಎರಡು ಪಾಠ ಇವೆ. ಒಂದು, ಗ್ರಾಮ ಪಂಚಾಯಿತಿ ಅಷ್ಟು ದೊಡ್ಡ ಕಂಪನಿಯ ಎದುರು ನಿಂತು ಜಗ್ಗಲಿಲ್ಲ. ಇನ್ನೊಂದು, ಎರಡು ಪೀಠಗಳ ನಡುವೆ ಮಾತು ತಿರುಗಿದ್ದು ನೀರಿನ ಅಳತೆಯ ಮೇಲೆ. ಹಾಗಾಗಿ ಕಾರ್ಖಾನೆಯ ಅರ್ಜಿ ಬರುವ ಮೊದಲೇ ಅಳತೆ ನಮ್ಮ ಪುಸ್ತಕದಲ್ಲಿರಬೇಕು.

ಮಾಡಬೇಕಾದ್ದು ಇಷ್ಟೆ. ಪಂಚಾಯಿತಿಯ ನಾಲ್ಕು ದಿಕ್ಕಿಗೆ ನಾಲ್ಕು ಬೋರ್‌ವೆಲ್ ಅಥವಾ ಬಾವಿ ಗೊತ್ತುಮಾಡಿ. ತಿಂಗಳಿಗೊಮ್ಮೆ ಅದೇ ತಾರೀಖು, ಬೆಳಗ್ಗೆ ಮೋಟರ್ ಹಾಕುವ ಮುನ್ನ, ನೀರುಗಂಟಿ ಹಗ್ಗ ಅಥವಾ ಅಳತೆ ಟೇಪು ಬಿಟ್ಟು ನೀರಿನ ಮಟ್ಟ ಬರೆಯಲಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಹಾಕಲಿ. ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಆದ ಮೇಲೆ, ನೀರಿನ ಮಾದರಿ ಪರೀಕ್ಷೆಗೆ ಹೋಗಲಿ. ಅಟಲ್ ಭೂಜಲ ಯೋಜನೆ ನಡೆದ ಊರುಗಳಲ್ಲಿ ಮಟ್ಟ ಅಳೆದ ಹಳೆಯ ದಾಖಲೆ ಇರಬಹುದು, ಹುಡುಕಿ ತೆಗೆಸಿ. ಎರಡು ವರ್ಷದ ಇಂಥ ಪುಸ್ತಕ ಇದ್ದರೆ ಯಾವ ಕಚೇರಿಯಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ನಮ್ಮ ಭಾಗದಲ್ಲಿ ನಾರಿನ ಪುಡಿ ತೊಳೆಯುವ ಘಟಕವೊಂದು ಬಂದಾಗ ನಾವು ಎಡವಿದೆವು. ಹೊರದೇಶದ ಕೊಳ್ಳುಗರಿಗೆ ಉಪ್ಪಿನಂಶ ಕಡಿಮೆ ಇರುವ ಪುಡಿ ಬೇಕು, ಅದಕ್ಕೆ ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ತೊಳೆದ ನೀರು ಕಾಫಿ ಡಿಕಾಕ್ಷನ್ ಬಣ್ಣದ್ದು. ಅದು ಹಳ್ಳದಲ್ಲಿ ಹರಿದು ಕೆರೆ ಅಂಗಳಕ್ಕೆ ಬಂತು. ದನ ಮೂಸಿ ನೋಡಿ ತಿರುಗಿ ಹೋದವು. ಲೈಸೆನ್ಸ್ ಕೊಡುವಾಗ ನಮ್ಮ ಕಡತದಲ್ಲಿ ಕಟ್ಟಡದ ಅಳತೆ ಬಿಟ್ಟರೆ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಮೇಲೆ ಷರತ್ತು ಹಾಕಿ, ತೊಳೆದ ನೀರಿಗೆ ತೊಟ್ಟಿ ಕಟ್ಟಿಸಲು ಒಂದೂವರೆ ವರ್ಷ ಹಿಡಿಯಿತು.

ಆದ್ದರಿಂದ ಯಾವುದೇ ಘಟಕದ ಅರ್ಜಿ ಬಂದರೆ ಸಾಮಾನ್ಯ ಸಭೆಯಲ್ಲಿ ಇಷ್ಟನ್ನು ಕೇಳಿ: ದಿನಕ್ಕೆ ಎಷ್ಟು ನೀರು, ಎಲ್ಲಿಂದ? ಹೊರಬರುವ ನೀರು, ಹೊಗೆ, ಕಸ ಎಲ್ಲಿಗೆ? ಅಂತರ್ಜಲ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ? ಊರಿನ ಎಷ್ಟು ಜನಕ್ಕೆ ಕೆಲಸ, ಕಾಯಂ ಎಷ್ಟು, ಗುತ್ತಿಗೆ ಎಷ್ಟು? ಉತ್ತರವನ್ನು ಬಾಯಿಮಾತಲ್ಲಿ ಕೇಳಬೇಡಿ, ಬರಹದಲ್ಲಿ ಪಡೆದು ನಡಾವಳಿಗೆ ಲಗತ್ತಿಸಿ. ಚಿಪ್ಪು ಸುಡುವ ಇದ್ದಿಲ ಗುಂಡಿಗಳಿಗೂ ಇದೇ ಮಾತು. ಅವು ಶಾಲೆ, ಮನೆಗಳಿಂದ ಎಷ್ಟು ದೂರ ಎನ್ನುವುದನ್ನು ಸ್ಥಳಕ್ಕೆ ಹೋಗಿ ನೋಡಿ.

ಒಂದು ತೊಡಕು ಗೊತ್ತಿರಲಿ. ಕರ್ನಾಟಕ ಕೈಗಾರಿಕಾ ಸೌಲಭ್ಯ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ, ಉದ್ಯಮಿ ಅಫಿಡವಿಟ್ ಕೊಟ್ಟು ಕಟ್ಟಡದ ಕೆಲಸ ಮೊದಲು ಶುರುಮಾಡಿ, ಸ್ಥಳೀಯ ಅನುಮತಿಗಳನ್ನು ಆಮೇಲೆ ಪಡೆಯುವ ಅವಕಾಶ ಇದೆ. ಅಂದರೆ ಅರ್ಜಿ ನಿಮ್ಮ ಮೇಜಿಗೆ ಬರುವಷ್ಟರಲ್ಲಿ ಗೋಡೆ ಎದ್ದಿರಬಹುದು. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಮೂರು ತಿಂಗಳಿಗೊಮ್ಮೆ ಪತ್ರ ಬರೆದು, ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಯಾವ ಯೋಜನೆಗೆ ಒಪ್ಪಿಗೆ ಸಿಕ್ಕಿದೆ ಎಂದು ಕೇಳಿ. ಅದೇ ವರ್ಷ ಭೂ ಸುಧಾರಣಾ ಕಾಯ್ದೆಗೂ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಊರಿನ ಗೋಮಾಳ, ಕೆರೆ, ಖರಾಬು, ಹಳ್ಳಗಳ ಸರ್ವೆ ನಂಬರಿನ ಪಟ್ಟಿಯನ್ನು ಗ್ರಾಮ ಆಡಳಿತಾಧಿಕಾರಿಯಿಂದ ಪಡೆದು ಗೋಡೆಗೆ ತೂಗುಹಾಕಿ.

ಹೆಜ್ಜೆ 4: ಬರಬೇಕಾದ ತೆರಿಗೆ ಬರಲಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಮೊಬೈಲ್ ಟವರ್, ಗೋದಾಮು, ಕಾರ್ಖಾನೆ ಶೆಡ್ಡು, ಗಾಳಿಯಂತ್ರ ಇರುವ ಕಡೆ ಅದರ ಕಟ್ಟಡ, ಇವೆಲ್ಲ ನಿಮ್ಮ ತೆರಿಗೆ ಪಟ್ಟಿಯಲ್ಲಿ ಇವೆಯೇ, ಈಗಿನ ಅಳತೆಯಲ್ಲಿ ಇವೆಯೇ ಎಂದು ಬಿಲ್ ಕಲೆಕ್ಟರ್ ಜೊತೆ ಹೋಗಿ ನೋಡಿ. ಶುರುವಿನಲ್ಲಿ ಒಂದು ಶೆಡ್ಡಿಗೆ ಕಟ್ಟಿದ ತೆರಿಗೆಯನ್ನೇ ಮೂರು ಶೆಡ್ಡು ಎದ್ದ ಮೇಲೂ ಕಟ್ಟುತ್ತಿರುವವರು ಇರುತ್ತಾರೆ. ಗುಡಿಸಲಿನ ಬಾಕಿಗೆ ಮನೆ ಬಾಗಿಲಿಗೆ ಹೋಗುವ ಪಂಚಾಯಿತಿ ಅಲ್ಲಿಗೂ ಹೋಗಬೇಕು. 15ನೇ ಹಣಕಾಸು ಆಯೋಗದ ಅವಧಿಯಲ್ಲಿ, 2021ರಿಂದ 26ರವರೆಗೆ, ಅನುದಾನದ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಬೇರೆ ಯೋಚನೆಗೆ ಬಿಡುವು ಕೊಡುವ ದುಡ್ಡು ಬಹುಪಾಲು ನಮ್ಮದೇ ವಸೂಲಿಯಿಂದ ಬರಬೇಕು.

ಗಣಿ ಇರುವ ತಾಲ್ಲೂಕಿನವರು 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಬಿಡಬೇಡಿ. ಚೀನಾದ ಉಕ್ಕಿನ ಹಸಿವಿಗೆ ಬಳ್ಳಾರಿ, ಸಂಡೂರಿನ ಅದಿರು ಲಾರಿ ಲಾರಿ ಹೋದ ವರ್ಷಗಳಲ್ಲಿ ಧೂಳು ಕುಡಿದದ್ದು ಹಳ್ಳಿಗಳೇ. ಆ ನಿಧಿಗೆ ಕೆಲಸದ ಪಟ್ಟಿ ಗ್ರಾಮಸಭೆಯಿಂದ ಹೋಗಲಿ.

ಹೆಜ್ಜೆ 5: ಊರಿನ ದುಡ್ಡು ಊರಲ್ಲಿ ಒಂದು ಸುತ್ತು ಹೆಚ್ಚು ತಿರುಗಲಿ

ಇಂಗ್ಲೆಂಡಿನ ಪ್ರೆಸ್ಟನ್ ಎಂಬ ನಗರದಲ್ಲಿ 2011ರಲ್ಲಿ ಹೊರಗಿನ ಬಂಡವಾಳದ ಒಂದು ಭಾರಿ ಮಾಲ್ ಯೋಜನೆ ಮುರಿದುಬಿತ್ತು. ಆಮೇಲೆ ಅಲ್ಲಿನ ನಗರಸಭೆ ಮತ್ತು ಊರಿನ ದೊಡ್ಡ ಸಾರ್ವಜನಿಕ ಸಂಸ್ಥೆಗಳು ಕೂತು, ನಾವು ಖರೀದಿಸುವ ಸರಕು, ಸೇವೆಯಲ್ಲಿ ಎಷ್ಟು ಊರವರಿಂದ ಬರುತ್ತಿದೆ ಎಂದು ಲೆಕ್ಕ ಹಾಕಿದವು. ಬರೀ ಶೇ 5. ಟೆಂಡರುಗಳನ್ನು ಸಣ್ಣವರೂ ಹಿಡಿಯುವಂತೆ ಬಿಡಿಸಿ ಕೊಟ್ಟು, ನಾಲ್ಕೈದು ವರ್ಷದಲ್ಲಿ ಅದನ್ನು ಶೇ 18ರ ಸುಮಾರಿಗೆ ತಂದರು.

ನಮ್ಮ ಲೆಕ್ಕವೂ ಹೀಗೇ ಶುರುವಾಗಬೇಕು. ಪಂಚಾಯಿತಿ, ಎರಡು ಶಾಲೆ, ಅಂಗನವಾಡಿ, ಹಾಸ್ಟೆಲ್, ಡೇರಿ, ಸೊಸೈಟಿ ಒಂದು ವರ್ಷಕ್ಕೆ ಏನೇನು ಕೊಳ್ಳುತ್ತವೆ? ಪೊರಕೆ, ಹಗ್ಗ, ಬೆಂಚು, ಸಮವಸ್ತ್ರದ ಹೊಲಿಗೆ, ಸಭೆಯ ಊಟ, ತರಕಾರಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ, 1999 ಪಾಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೆಂಡರ್ ಇಲ್ಲದೆ ಕೊಳ್ಳಬಹುದಾದ ಸಣ್ಣ ಖರೀದಿಗೆ ದರಪಟ್ಟಿ ಕೇಳುವಾಗ ಸಂಜೀವಿನಿ ಸ್ವಸಹಾಯ ಗುಂಪುಗಳ ಒಕ್ಕೂಟದ ಮಹಿಳೆಯರಿಗೂ ಒಂದು ಪ್ರತಿ ತಲುಪಿಸಬಹುದಲ್ಲವೇ? ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ ಅಡ್ಡ ಬರುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಆ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಕೇವಲ ವೀಕ್ಷಕನಾಗಿ ಕೂತಿದೆ.

ಇನ್ನು ಸಂಸ್ಕರಣೆ. ಕಾಯಿಪುಡಿ, ಎಣ್ಣೆ, ನಾರಿನ ಹಗ್ಗದಂಥ ಸಣ್ಣ ಘಟಕಗಳು ಊರಲ್ಲೇ ಇದ್ದರೆ ಕೊಬ್ಬರಿ ಬಿದ್ದ ವರ್ಷ ಕಾಯಿಗೆ ಇನ್ನೊಂದು ಬಾಗಿಲು ತೆರೆದಿರುತ್ತದೆ. ಆಹಾರ ಪದಾರ್ಥಕ್ಕೆ, 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಯೋಜನೆಯ ಶೇ 35ರ ಜೊತೆ ರಾಜ್ಯದ ಹೆಚ್ಚುವರಿ ಶೇ 15 ಸೇರಿ ಗರಿಷ್ಠ 15 ಲಕ್ಷದವರೆಗೆ ಸಹಾಯಧನ ಕೊಟ್ಟಿದ್ದಾರೆ. ಈಗಿನ ಸ್ಥಿತಿಯನ್ನು ಕೃಷಿ ಇಲಾಖೆಯಲ್ಲಿ ಕೇಳಿಕೊಂಡೇ ಅರ್ಜಿ ಹಾಕಿ. ಪಂಚಾಯಿತಿ ಕೊಡಬಹುದಾದ ದೊಡ್ಡ ಸಹಾಯ ಖಾಲಿ ಬಿದ್ದ ಕಟ್ಟಡ, ತ್ರೀ ಫೇಸ್ ವಿದ್ಯುತ್ತಿಗೆ ಬೆಸ್ಕಾಂ ಮುಂದೆ ಒತ್ತಾಯ, ಮತ್ತು ಲೈಸೆನ್ಸನ್ನು ತಿಂಗಳುಗಟ್ಟಲೆ ಎಳೆಯದೇ ಇರುವುದು.

ಊರಿಗೇ ವಿಶಿಷ್ಟವಾದ ಬೆಳೆ, ಕಸುಬು ಇದ್ದರೆ ಭೌಗೋಳಿಕ ಸೂಚ್ಯಂಕದ (ಜಿಐ ಟ್ಯಾಗ್) ಕಡೆ ನೋಡಿ. ಉಡುಪಿಯ ಮಟ್ಟುಗುಳ್ಳ, ಬ್ಯಾಡಗಿ ಮೆಣಸಿನಕಾಯಿ, ಶಿರಸಿ ಅಡಿಕೆ, ಇಳಕಲ್ ಸೀರೆ ಇವಕ್ಕೆಲ್ಲ ಆ ಗುರುತು ಸಿಕ್ಕಿದೆ. ಆದರೆ ಗುರುತು ಬಂದ ಮಾತ್ರಕ್ಕೆ ದರ ಬರುವುದಿಲ್ಲ. ಬೆಳೆಯುವವರು ಒಬ್ಬೊಬ್ಬರೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಹೆಸರಿನ ಮೇಲೆ ಕಲಬೆರಕೆ ಮಾರುವವರ ಮೇಲೆ ದೂರು ಕೊಡಬೇಕು. ಜೊತೆಗೆ 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ತಳಿ, ಗಿಡಮೂಲಿಕೆ, ನಾಟಿವೈದ್ಯದ ತಿಳಿವಳಿಕೆ ಅದರ ದಾಖಲೆ ಪುಸ್ತಕಕ್ಕೆ ಬರಬೇಕು. ಅರಿಸಿನಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟ್ 1997ರಲ್ಲಿ ರದ್ದಾದದ್ದು, ಗಾಯಕ್ಕೆ ಅರಿಸಿನ ಹಚ್ಚುವುದು ನಮ್ಮಲ್ಲಿ ಮೊದಲಿನಿಂದ ಇದೆ ಎಂಬ ಲಿಖಿತ ಪುರಾವೆ ಒದಗಿಸಿದ್ದರಿಂದ. ನಮ್ಮ ಪಂಚಾಯಿತಿಯ ಪುಸ್ತಕದಲ್ಲಿ ಮುಖಪುಟ ಬಿಟ್ಟರೆ ಏನೂ ಇರಲಿಲ್ಲ. ನಿಮ್ಮದನ್ನು ಇವತ್ತೇ ತೆಗೆಸಿ ನೋಡಿ.

ಹೆಜ್ಜೆ 6: ದರ ಬೀಳುವ ವರ್ಷಕ್ಕೆ ಮೊದಲೇ ಸಿದ್ಧತೆ

ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆದಾಗ ನಮ್ಮೂರಿನ ಹಲವರು ವಾಪಸ್ ಬಂದರು. ಕೊಬ್ಬರಿ ಚೆನ್ನಾಗಿಯೇ ಇತ್ತು. ಕೆಲವರಿಗೆ ರೈತರ ಜಮೀನಿನ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಇರಲಿಲ್ಲ. ಕೆಲವರದ್ದು ಇದ್ದರೂ ಎಲ್ಲ ಸರ್ವೆ ನಂಬರು ಸೇರಿರಲಿಲ್ಲ. ಇನ್ನು ಕೆಲವರ ತೋಟ ಬೆಳೆ ಸಮೀಕ್ಷೆಯಲ್ಲಿ ರಾಗಿ ಹೊಲವಾಗಿತ್ತು. ಒಬ್ಬ ವಿಧವೆಯ ಪಹಣಿ ಇನ್ನೂ ತೀರಿಹೋದ ಗಂಡನ ಹೆಸರಲ್ಲೇ ಇತ್ತು. ಆಯಮ್ಮ ಎರಡು ಚೀಲ ಕೊಬ್ಬರಿಯನ್ನು ಆಟೋದಲ್ಲಿ ತಂದು, ಅದೇ ಆಟೋದಲ್ಲಿ ವಾಪಸ್ ಹೇರಿಕೊಂಡು ಹೋದರು. ಇದನ್ನು ತಪ್ಪಿಸುವುದು ಪೂರ್ತಿ ನಮ್ಮ ಕೈಯಲ್ಲಿತ್ತು.

ಸುಗ್ಗಿಗೆ ನಾಲ್ಕು ತಿಂಗಳ ಮುಂಚೆ ಪಂಚಾಯಿತಿ ಕಚೇರಿಯಲ್ಲಿ ಒಂದು ದಿನ ಶಿಬಿರ ಇಡಿ. ಕೃಷಿ, ತೋಟಗಾರಿಕೆ, ಕಂದಾಯ ಮೂವರೂ ಒಂದೇ ಟೇಬಲ್ಲಿಗೆ ಬರಲಿ. ಮನೆಮನೆಯ ಪಟ್ಟಿ ಇಟ್ಟುಕೊಂಡು ಎಫ್‌ಐಡಿ ಇದೆಯೇ, ಎಲ್ಲ ಜಮೀನು ಸೇರಿದೆಯೇ, ಬೆಳೆ ಸಮೀಕ್ಷೆಯಲ್ಲಿ ತೆಂಗು ಅಂತ ಬಂದಿದೆಯೇ, ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಬಾಕಿ ಇದೆಯೇ ಎಂದು ಟಿಕ್ ಹಾಕಿ. ಹೆಣ್ಣುಮಕ್ಕಳ ಹೆಸರಿನ ಜಮೀನು, ಪೌತಿ ಬಾಕಿ ಇರುವವರನ್ನು ಮೊದಲು ಮುಗಿಸಿ.

ಎರಡನೆಯದು, ಕಾಯುವ ಶಕ್ತಿ. ದರ ಇಲ್ಲದ ವಾರ ಮಾರುವವರು ಹೆಚ್ಚಾಗಿ ಸಾಲದ ಕಂತು, ಮದುವೆ, ಆಸ್ಪತ್ರೆಗೆ ಸಿಕ್ಕಿಕೊಂಡವರು. ಮಾಲು ಅಡವಿಟ್ಟು ಸಾಲ ಪಡೆಯುವ ಅಡಮಾನ ಸಾಲ ಎಪಿಎಂಸಿ ಅಥವಾ ಸೊಸೈಟಿಯಲ್ಲಿ ಸಿಗುತ್ತದೆಯೇ ವಿಚಾರಿಸಿ, ವಿವರವನ್ನು ಅರಿವು ಕೇಂದ್ರದ ಹಲಗೆಗೆ ಹಾಕಿ.

ಗಾರ್ಮೆಂಟ್ಸ್‌ಗೆ ಹೋಗುವವರಿಗೂ ಬೀಳುವ ವರ್ಷ ಇರುತ್ತದೆ. 2025ರ ಆಗಸ್ಟ್ ಕೊನೆಗೆ ಅಮೆರಿಕ ಭಾರತದ ಸರಕಿಗೆ ಒಟ್ಟು ಶೇ 50 ಸುಂಕ ಹೇರಿದಾಗ, ಅಲ್ಲಿಗೆ ಬಟ್ಟೆ ಹೊಲಿದು ಕಳಿಸುವ ಕಾರ್ಖಾನೆಗಳು ಆರ್ಡರ್ ಹೋಗುವ ಭಯದಲ್ಲಿದ್ದವು. ನಿಮ್ಮೂರಿನಿಂದ ಎಷ್ಟು ಜನ ಹೋಗುತ್ತಾರೆ, ಪಿಎಫ್ ಸಂಖ್ಯೆ, ಇಎಸ್‌ಐ ಕಾರ್ಡು ಅವರ ಕೈಯಲ್ಲಿದೆಯೇ ಎಂದು ಪುಸ್ತಕದಲ್ಲಿರಲಿ. ಕಾರ್ಖಾನೆ ಏಕಾಏಕಿ ಮುಚ್ಚಿದರೆ ಅದೇ ಅವರ ಆಧಾರ. ಕೂಸಿನ ಮನೆ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ಇದ್ದರೆ ಅದರ ಸಮಯ ಅವರ ಬಸ್ಸಿನ ಸಮಯಕ್ಕೆ ಹೊಂದುವಂತೆ ನೋಡಿ.

ಹೆಜ್ಜೆ 7: ಮೇಲಿನವರಿಗೆ ಕೇಳುವಂತೆ ಮಾತಾಡಿ

2019ರ ನವೆಂಬರ್ 4ರಂದು ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದದಿಂದ ಹೊರಗೆ ಉಳಿಯಿತು. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ ಎರಡು ಹಸು ಕಟ್ಟಿದವರು ಬದುಕುವುದಿಲ್ಲ ಎಂದು ಕರ್ನಾಟಕದ ಹಾಲು ಉತ್ಪಾದಕರೂ ಆ ಮುಂಚೆ ಬೀದಿಗಿಳಿದಿದ್ದರು. ಕಾರಣಗಳು ಹಲವಿದ್ದವು, ಆದರೆ ಹಳ್ಳಿಯ ದನಿಯೂ ಅದರಲ್ಲಿ ಒಂದಾಗಿತ್ತು.

ಗ್ರಾಮಸಭೆಯ ನಿರ್ಣಯ ಎಂದರೆ "ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸಲಾಯಿತು" ಎಂದು ಬರೆದು ಕೈಬಿಡುವುದು ವಾಡಿಕೆ. ಅದನ್ನು ಓದುವ ಅಧಿಕಾರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಂಕಿ ಹಾಕಿ, ಕೇಳುವುದನ್ನು ಒಂದೇ ಮಾತಲ್ಲಿ ಕೇಳಿ. ಹೀಗೆ:

"ನಮ್ಮ ಪಂಚಾಯಿತಿಯ ____ ಕುಟುಂಬಗಳಲ್ಲಿ ____ ಕುಟುಂಬಗಳು ತೆಂಗನ್ನೇ ನಂಬಿವೆ. ದಿನಾಂಕ ____ ರಂದು ಮಾರುಕಟ್ಟೆ ದರ ____ ಇದ್ದು, ಬೆಂಬಲ ಬೆಲೆಗಿಂತ ____ ರೂಪಾಯಿ ಕಡಿಮೆ ಇದೆ. ಖಾದ್ಯ ತೈಲದ ಆಮದು ಸುಂಕ ಇಳಿಸುವ ಮೊದಲು ತೆಂಗು ಬೆಳೆಯುವ ಜಿಲ್ಲೆಗಳ ಅಭಿಪ್ರಾಯ ಪಡೆಯಬೇಕು, ಮತ್ತು ____ ತಾರೀಖಿನೊಳಗೆ ಖರೀದಿ ಕೇಂದ್ರ ತೆರೆಯಬೇಕು ಎಂದು ಈ ಸಭೆ ಸರ್ವಾನುಮತದಿಂದ ನಿರ್ಣಯಿಸುತ್ತದೆ."

ಇದರ ಪ್ರತಿ ತಹಶೀಲ್ದಾರರ ಜೊತೆಗೆ ಸಂಸದರಿಗೆ, ಶಾಸಕರಿಗೆ, ರಾಜ್ಯ ತೋಟಗಾರಿಕೆ ಇಲಾಖೆಗೆ, ಕೇಂದ್ರ ವಾಣಿಜ್ಯ ಮತ್ತು ಕೃಷಿ ಸಚಿವಾಲಯಗಳಿಗೆ ಹೋಗಲಿ. ಸುಂಕದ ವಿಷಯ ತಾಲ್ಲೂಕು ಕಚೇರಿಯಲ್ಲಿ ತೀರುವುದಲ್ಲ, ಆದ್ದರಿಂದ ಸಂಸದರಿಗೆ ಹೋದ ಪ್ರತಿ ಮುಖ್ಯ. ಅಕ್ಕಪಕ್ಕದ ಹತ್ತು ಪಂಚಾಯಿತಿ ಇದೇ ಮಾತನ್ನು ತಮ್ಮ ಅಂಕಿಗಳೊಂದಿಗೆ ಒಂದೇ ವಾರ ಕಳಿಸಿದರೆ ಅದು ಕಡತದಲ್ಲಿ ಮುಚ್ಚಿಹೋಗುವುದಿಲ್ಲ.

ಕಳಿಸಿದ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಂಚೆಯಲ್ಲಿ ಹೋದದ್ದಕ್ಕೆ ರಿಜಿಸ್ಟರ್ ರಸೀದಿ ಅಂಟಿಸಿ. ಬಂದ ಉತ್ತರ, ಬಾರದ ಉತ್ತರ ಎರಡನ್ನೂ ಮುಂದಿನ ಗ್ರಾಮಸಭೆಯ ಮೊದಲ ವಿಷಯವಾಗಿ, ಚರಂಡಿಗೂ ಬೀದಿದೀಪಕ್ಕೂ ಮುಂಚೆ, ಪಿಡಿಒ ಗಟ್ಟಿಯಾಗಿ ಓದಲಿ. ನಮ್ಮಲ್ಲಿ ಹಾಗೆ ಓದಿದ ದಿನ ಆ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿದ್ದರು. ಓದಿ ಮುಗಿದ ಮೇಲೆ, "ದಿಲ್ಲಿಯವ್ರು ಏನಂದ್ರು ಅಂತ ಇನ್ನೊಂದ್ ದಪ ಓದಪ್ಪ" ಎಂದು ಕೇಳಿದರು. ಪಿಡಿಒ ಇನ್ನೊಂದು ಸಲ ಓದಿದರು.